ಆರೋಗ್ಯ ಸುಧಾರಿಸಿದರೆ ಜಿಲ್ಲೆಯ ಆದಾಯ ಏರುತ್ತದೆಯೇ? ಗದಗ-ಹಾವೇರಿಯ ಲೆಕ್ಕ

ಪರ: ಮೊದಲು ದುಡಿಯುವವರ ಮೈ ಗಟ್ಟಿಯಾಗಲಿ

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ ತೂಕದ ಲೆಕ್ಕದ್ದು. ಎಷ್ಟು ಕಿಲೋ ಬಿಡಿಸಿದರೋ ಅಷ್ಟು ರೊಕ್ಕ. ಮೈಯಲ್ಲಿ ರಕ್ತ ಕಡಿಮೆ ಇದ್ದವರಿಗೆ ಮಧ್ಯಾಹ್ನ ದಾಟುವಷ್ಟರಲ್ಲಿ ಕೈ ಸೋಲುತ್ತದೆ, ಕುಳಿತಲ್ಲಿಂದ ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿದೆ. ಹತ್ತಿರ ಹತ್ತಿರ ಅರ್ಧದಷ್ಟು ಮಹಿಳೆಯರು ಪೂರಾ ಶಕ್ತಿಯಿಲ್ಲದೆ ದುಡಿಯುತ್ತಿರುವಾಗ ಜಿಲ್ಲೆಯ ಉತ್ಪನ್ನ ಏರುವುದಾದರೂ ಹೇಗೆ?

ಇಂಡೋನೇಷ್ಯಾದ ರಬ್ಬರ್ ತೋಟಗಳಲ್ಲಿ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಅಳೆದಿತ್ತು. ಇಳಿಸಿದ ರಬ್ಬರ್ ಹಾಲಿನ ತೂಕಕ್ಕೆ ಕೂಲಿ ಪಡೆಯುವ ಆಳುಗಳಿಗೆ 60 ದಿನ, ದಿನಕ್ಕೆ 100 ಮಿಲಿಗ್ರಾಂ ಕಬ್ಬಿಣಾಂಶ ಕೊಟ್ಟರು. ರಕ್ತಹೀನರಾಗಿದ್ದವರ ದುಡಿಮೆ ಉಳಿದವರ ಸಮೀಪಕ್ಕೆ ಬಂತು.

ನಮ್ಮಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದೆ. ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ, ಹದಿಹರೆಯದವರಿಗೆ ವಾರಕ್ಕೊಂದು. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಕೆಡುವುದು ನುಂಗುವ ಹಂತದಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದರೆ, ಮಲ ಕಪ್ಪಾದರೆ ಹೆದರಿ ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ ಎಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದರೆ ಅರ್ಧ ಸಮಸ್ಯೆ ತೀರುತ್ತದೆ. ಊಟವಾದ ಮೇಲೆ ನುಂಗಬೇಕು, ಜೊತೆಗೆ ಲಿಂಬೆರಸ ಇದ್ದರೆ ಒಳ್ಳೆಯದು. ಚಹಾ ಒಂದು ತಾಸು ದೂರವಿರಲಿ. ಕ್ಯಾಲ್ಸಿಯಂ ಗುಳಿಗೆಯನ್ನು ಇದರ ಸಂಗಡ ನುಂಗಲೇಬಾರದು. ಹೊಟ್ಟೆಯಲ್ಲಿ ಹುಳು ಇದ್ದರೆ ಕೊಟ್ಟ ಕಬ್ಬಿಣಾಂಶ ಸೋರಿಹೋಗುತ್ತದೆ, ಹಾಗಾಗಿ ಶಾಲೆ-ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ ಜಂತುಹುಳುವಿನ ಗುಳಿಗೆ ತಪ್ಪಬಾರದು.

ಗದಗ ಜಿಲ್ಲೆಯಲ್ಲಿ ಇನ್ನೊಂದು ಸಂಕಟ ಕೊಳವೆಬಾವಿಯ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು ಹಿಡಿಯುತ್ತದೆ, ಕೊನೆಗೆ ಬೆನ್ನು ಬಾಗುತ್ತದೆ. ದುಡಿಯುವ ವಯಸ್ಸಿನಲ್ಲೇ ಕುಡಗೋಲು ಹಿಡಿಯಲಾಗದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಶುದ್ಧ ನೀರಿನ ಘಟಕದಲ್ಲಿ ನೀರು ಸೋಸುವ ಪೊರೆ ಬದಲಿಸದಿದ್ದರೆ ನಾಣ್ಯ ಹಾಕಿ ತಂದ ಕೊಡದಲ್ಲೂ ಅದೇ ವಿಷ. ತುಂಗಭದ್ರೆಯ ನೀರು ಪ್ರತಿ ಹಳ್ಳಿಯ ನಲ್ಲಿಗೆ ಬರುವುದೇ ಇಲ್ಲಿಯ ಅತಿ ದೊಡ್ಡ ಆರ್ಥಿಕ ಯೋಜನೆ ಎಂದು ನಾವು ನಂಬುತ್ತೇವೆ.

ಜನಸಂಖ್ಯೆಯೂ ಈಗ ಅನುಕೂಲವಾಗಿದೆ. 2019-21ರ ಅದೇ ಸಮೀಕ್ಷೆಯಂತೆ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಉಣ್ಣುವ ಬಾಯಿಗಿಂತ ದುಡಿಯುವ ಕೈ ಹೆಚ್ಚಿರುವ ಈ ಕಾಲ ಎರಡನೇ ಸಲ ಬರುವುದಿಲ್ಲ. ಆ ಕೈಗಳಲ್ಲಿ ಬಲವಿರಬೇಕು.

ವಿರೋಧ: ಬಲ ಬಂದ ಕೈಗೆ ಕೆಲಸ ಎಲ್ಲಿದೆ?

ಗುಳಿಗೆ, ನೀರು ಎರಡೂ ಬೇಕು. ತಕರಾರು ಇರುವುದು ಅವು ಆದಾಯ ತಂದುಕೊಡುತ್ತವೆ ಎಂಬ ಮಾತಿಗೆ.

ತಲಾ ಆದಾಯವೆಂದರೆ ಒಟ್ಟು ಉತ್ಪನ್ನವನ್ನು ತಲೆಗಳಿಂದ ಭಾಗಿಸಿದ್ದು. 1940ರ ನಂತರ ಪೆನಿಸಿಲಿನ್, ಡಿಡಿಟಿ ಬಂದು ಬಡ ದೇಶಗಳಲ್ಲಿ ಆಯಸ್ಸು ಏರಿತು, ಜನಸಂಖ್ಯೆಯೂ ಏರಿತು. ತಲಾ ಆದಾಯ ಆ ವೇಗದಲ್ಲಿ ಏರಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಅಸೆಮೊಗ್ಲು ಮತ್ತು ಜಾನ್ಸನ್ 2007ರಲ್ಲಿ ತೋರಿಸಿದರು. ಆ ಲೆಕ್ಕಕ್ಕೆ ಆಕ್ಷೇಪ ಎತ್ತಿದವರಿದ್ದಾರೆ, ಆದರೂ ಪ್ರಶ್ನೆ ಉಳಿದಿದೆ. ಕೇರಳವನ್ನೇ ನೋಡಿ. ಆರೋಗ್ಯ, ಅಕ್ಷರ ಎರಡರಲ್ಲೂ ಮುಂದಿದ್ದರೂ ದಶಕಗಳ ಕಾಲ ಅಲ್ಲಿ ಕೈಗಾರಿಕೆ ಬೆಳೆಯಲಿಲ್ಲ. ಮನೆಗಳನ್ನು ನಡೆಸಿದ್ದು ಕೊಲ್ಲಿಯಿಂದ ಬಂದ ಹಣ.

ಇಲ್ಲಿಯೂ ಅದೇ ಆಗುತ್ತಿದೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ಹಾವೇರಿ ಬೆಳೆದದ್ದು ಶೇ 11, ಗದಗ ಶೇ 9.5. ಹೆರಿಗೆ ಕಡಿಮೆಯಾದದ್ದೊಂದೇ ಇದಕ್ಕೆ ಕಾರಣವಲ್ಲ. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ಗಟ್ಟಿಮುಟ್ಟಾದ ಗಂಡ-ಹೆಂಡತಿ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮೈ ಗಟ್ಟಿ ಇದ್ದವರೇ ಮೊದಲು ಹೊರಡುವವರು. ಆರೋಗ್ಯಕ್ಕೆ ಇಲ್ಲಿ ಹಾಕಿದ ಹಣದ ಫಲ ಅಲ್ಲಿಯ ಉತ್ಪನ್ನಕ್ಕೆ ಸೇರುತ್ತದೆ, ಊರಿಗೆ ಬರುವುದು ಫೋನ್‌ಪೇಯಲ್ಲಿ ಕಳಿಸಿದಷ್ಟೇ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ತಾಯಿಯ ಜೊತೆ ಹೋಗಿ ಅಂಗನವಾಡಿ, ಲಸಿಕೆ ಎರಡೂ ತಪ್ಪುತ್ತವೆ.

ಕುಟುಂಬ ಚಿಕ್ಕದಾದದ್ದರ ಇನ್ನೊಂದು ಮುಖವೂ ಇದೆ. ಮೂರ್ನಾಲ್ಕು ಮಕ್ಕಳು ಹಂಚಿಕೊಳ್ಳುತ್ತಿದ್ದ ಮುಪ್ಪಿನ ಆರೈಕೆ ಈಗ ಒಬ್ಬಳು ಸೊಸೆಯ ಮೇಲೆ ಬಿದ್ದಿದೆ. ಅತ್ತೆಗೆ ಪಾರ್ಶ್ವವಾಯು ಹೊಡೆದರೆ ಆಕೆ ಕೂಲಿ ಬಿಡುತ್ತಾಳೆ. ಎಷ್ಟು ಕಬ್ಬಿಣಾಂಶ ಕೊಟ್ಟರೂ ಆ ಕೂಲಿ ಮರಳುವುದಿಲ್ಲ. ತಾಲೂಕಿಗೊಂದು ಹಗಲು ಆರೈಕೆ ಕೇಂದ್ರ, ಮನೆಬಾಗಿಲಿಗೆ ಬರುವ ಬಿಪಿ-ಸಕ್ಕರೆ ಗುಳಿಗೆ ಇದ್ದರೆ ಆಕೆ ಹೊರಗೆ ದುಡಿಯಬಲ್ಲಳು. ಅದರ ಜೊತೆಗೆ ಬ್ಯಾಡಗಿಯಲ್ಲಿ ಸುಗ್ಗಿ ಮುಗಿದ ಮೇಲೂ ನಡೆಯುವ ಸಂಸ್ಕರಣೆಯ ಕೆಲಸ ಬೇಕು.

ಇನ್ನೊಂದು ಮಾತು ಗಂಭೀರವಾಗಿ ಹೇಳಬೇಕಿದೆ. ಬೆಳವಣಿಗೆಯ ಆಸೆ ತೋರಿಸಿ ಆರೋಗ್ಯಕ್ಕೆ ಹಣ ಕೇಳಿದರೆ, ಆದಾಯ ಏರದ ವರ್ಷ ಅದೇ ನೆಪದಲ್ಲಿ ಹಣ ಕಡಿತವಾಗುತ್ತದೆ. ಮೊದಲು ನಿಲ್ಲುವುದು ಬೆನ್ನು ಬಾಗಿ ಇನ್ನು ದುಡಿಯಲಾಗದವರ ಔಷಧಿ.