ಕಾರು ತಾನೇ ಓಡುತ್ತದೆ ಎನ್ನುವವರಿಗೆ

ಹೊಸ ಕಾರು ಕೊಂಡವರ ಮನೆಗೆ ಹೋದರೆ ಈಗ ಮೈಲೇಜಿನ ಮಾತೇ ಇಲ್ಲ. ಕಾಫಿ ಬರುವ ಮೊದಲೇ ಅಡಾಸ್, ಅಂದರೆ ಕ್ಯಾಮೆರಾ, ರಾಡಾರ್ ಬಳಸಿ ಚಾಲಕನಿಗೆ ನೆರವಾಗುವ ವ್ಯವಸ್ಥೆಯ ವರ್ಣನೆ ಶುರುವಾಗುತ್ತದೆ. ‘ಬ್ರೇಕ್ ಅದೇ ಹಾಕುತ್ತದೆ, ಸ್ಟೇರಿಂಗ್ ಅದೇ ತಿರುಗಿಸುತ್ತದೆ, ನಾವು ಸುಮ್ಮನೆ ಕೂತರಾಯಿತು.’ ಶಿವಮೊಗ್ಗದಲ್ಲಿ ಈಚೆಗೆ ಈ ‘ಸುಮ್ಮನೆ ಕೂತರಾಯಿತು’ ಕೇಳಿ ಕೇಳಿ ಸಾಕಾಗಿದೆ. ನನಗೆ ಇದರ ಮೇಲೊಂದು ತಕರಾರಿದೆ.

ಮಲೆನಾಡಿನ ರಸ್ತೆಗೆ ಇದೆಲ್ಲ ಒಗ್ಗುವುದಿಲ್ಲ ಎಂಬ ಮಾಮೂಲಿ ತಕರಾರನ್ನು ಮೊದಲು ಮುಗಿಸಿಬಿಡುತ್ತೇನೆ. ಒಗ್ಗುವುದಿಲ್ಲ ಎನ್ನುವುದು ನಿಜವೇ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಮಳೆಗಾಲ ಕಳೆದರೆ ಬಿಳಿ ಪಟ್ಟಿ ಎಷ್ಟೋ ಕಡೆ ಮಣ್ಣಿನಡಿ ಸೇರಿರುತ್ತದೆ. ಗಾಜಿನ ಹಿಂದಿನ ಕ್ಯಾಮೆರಾ ಪಥ ಗುರುತಿಸುವುದೇ ಆ ಪಟ್ಟಿಯಿಂದ. ಪಟ್ಟಿ ಇರುವಲ್ಲಾದರೂ ಸುಖವಿಲ್ಲ. ಗುಂಡಿ ತಪ್ಪಿಸಲು ಇಂಡಿಕೇಟರ್ ಹಾಕದೆ ಬಲಕ್ಕೆ ಸರಿದರೆ ಸ್ಟೇರಿಂಗ್ ನಮ್ಮ ಕೈಯಿಂದ ಎಡಕ್ಕೆ ಎಳೆಯುತ್ತದೆ, ಅಂದರೆ ಗುಂಡಿಯ ಕಡೆಗೇ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿಯುವಾಗ ಮಂಜು ಕವಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಸಂದೇಶ ಮೂಡುತ್ತದೆ: ಕ್ಯಾಮೆರಾ ಕೆಲಸ ಮಾಡುತ್ತಿಲ್ಲ. ಆಮೇಲೆ ಆ ಹದಿನಾಲ್ಕು ತಿರುವುಗಳೂ ನಾವೂ.

ರಾತ್ರಿ ಹೈಬೀಮ್ ತಾನಾಗಿಯೇ ಇಳಿಸುವ ಸೌಲಭ್ಯದ ಕಥೆಯೂ ಹಾಗೆಯೇ. ಘಾಟಿಯಲ್ಲಿ ಓಡಾಡಿ ಗೊತ್ತಿರುವ ಚಾಲಕ ಎದುರು ಗಾಡಿ ಕಾಣುವವರೆಗೆ ಕಾಯುವುದಿಲ್ಲ. ತಿರುವಿನಾಚೆಯ ಮರಗಳ ಮೇಲೆ ಬೆಳಕು ಓಡಾಡಿದ ಕೂಡಲೇ ಡಿಮ್ ಮಾಡಿ, ಹಾರ್ನ್ ಕೊಟ್ಟು, ಎರಡನೇ ಗೇರಿಗೆ ಬಂದು, ಮೇಲೇರುವ ಗಾಡಿಗೆ ಜಾಗ ಬಿಡುತ್ತಾನೆ. ಏರುವವನಿಗೆ ಮೊದಲ ಹಕ್ಕು ಎಂಬುದು ಹಿಂದಿನಿಂದ ಬಂದ ಪದ್ಧತಿಯಷ್ಟೇ ಅಲ್ಲ, 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದೆ. ಕ್ಯಾಮೆರಾ ಮಾತ್ರ ಎದುರಿನ ಎರಡು ದೀಪಗಳು ನೇರ ಕಣ್ಣಿಗೆ ಬೀಳುವವರೆಗೆ ಕಾಯುತ್ತದೆ. ಅಷ್ಟರಲ್ಲಿ ಎದುರಿನವನ ಕಣ್ಣು ಕತ್ತಲಿಟ್ಟಿರುತ್ತದೆ.

ಇಷ್ಟೆಲ್ಲ ಇದ್ದರೂ ಆಗುಂಬೆಯ ವಿಷಯದಲ್ಲಿ ನನಗೆ ಹೆಚ್ಚಿನ ಭಯವಿಲ್ಲ. ಅಲ್ಲಿ ಯಂತ್ರ ಕೈಕೊಡುವುದು ಎದ್ದು ಕಾಣುತ್ತದೆ. ಮೂರು ಸಲ ಟಿಣ್ ಎಂದು ಬಡಿದುಕೊಂಡು ‘ನೀನೇ ನೋಡಿಕೋ’ ಎನ್ನುವ ಯಂತ್ರವನ್ನು ಯಾರೂ ನಂಬಿ ಕೂರುವುದಿಲ್ಲ. ನನ್ನ ಭಯ ಭದ್ರಾವತಿ ದಾಟಿ ಬೆಂಗಳೂರಿನ ಕಡೆ ಹೋಗುವ ಅಗಲವಾದ, ನುಣುಪಾದ ಚತುಷ್ಪಥದ್ದು. ಅಲ್ಲಿ ಅಡಾಸ್ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುವ ಯಂತ್ರ, ಹತ್ತರಲ್ಲಿ ಐದು ಸಲ ತಪ್ಪುವ ಯಂತ್ರಕ್ಕಿಂತ ಹೆಚ್ಚು ಅಪಾಯಕಾರಿ ಎಂಬುದೇ ನನ್ನ ತಕರಾರು.

ಒಂದು ಸಂಜೆ ಭಾವನವರ ಪಕ್ಕದಲ್ಲಿ ಕೂತು ಕಡೂರಿನಿಂದ ಮುಂದಕ್ಕೆ ಹೋಗುತ್ತಿದ್ದೆ. ವೇಗ ನೂರಕ್ಕೆ ಹೊಂದಿಸಿಟ್ಟಿದ್ದರು. ಮುಂದೊಂದು ಬಿಳಿ ಕಾರು ಎಂಬತ್ತರಲ್ಲಿ ಓಡುತ್ತಿತ್ತು, ನಮ್ಮ ಕಾರು ತಾನೇ ನಿಧಾನಿಸಿ ಅದರ ಹಿಂದೆ ಅಂತರ ಕಾಯ್ದುಕೊಂಡಿತ್ತು. ಭಾವನವರ ಒಂದು ಕೈ ತೊಡೆಯ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಸ್ಟೇರಿಂಗಿನ ಕೆಳತುದಿಯಲ್ಲಿ. ಎಚ್ಚರಿಕೆ ಬಾರದಿರಲಿ ಎಂದು ಆಗಾಗ ಅದನ್ನು ಒಂದಿಷ್ಟು ಅಲುಗಿಸುವುದು. ಬಾಯಲ್ಲಿ ಅಡಿಕೆ ಧಾರಣೆಯ ಚರ್ಚೆ. ಬಿಳಿ ಕಾರು ಇದ್ದಕ್ಕಿದ್ದಂತೆ ಎಡಕ್ಕೆ ಸರಿಯಿತು. ಅದು ಸರಿದ ಜಾಗದಲ್ಲಿ, ಡಿವೈಡರಿಗೆ ಒತ್ತಿಕೊಂಡು, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ನಮ್ಮ ಕಾರಿಗೆ ಅನಿಸಿದ್ದು ದಾರಿ ಖಾಲಿಯಾಯಿತು ಎಂದು. ನೂರನ್ನು ಮುಟ್ಟಲು ಎಂಜಿನ್ ಗುಟುರು ಹಾಕಿತು. ‘ಭಾವಾ, ಬ್ರೇಕ್!’ ಎಂದು ಕೂಗಿದೆ. ಭಾವ ಒತ್ತಿದರು, ಹಿಂದೆ ಲಾರಿ ಇರಲಿಲ್ಲ, ಬಚಾವಾದೆವು. ‘ಸೆನ್ಸರ್ ನೋಡುತ್ತಿತ್ತಲ್ಲ ಮಾರಾಯ’ ಎಂದರು, ಬೆವರೊರೆಸಿಕೊಂಡು.

ಸೆನ್ಸರ್ ನೋಡುತ್ತಿರಲೂಬಹುದು. ನಿಂತ ವಸ್ತುಗಳ ಮಟ್ಟಿಗೆ ರಾಡಾರ್‌ಗೆ ಹಳೆಯ ತೊಂದರೆಯೊಂದಿದೆ. ರಸ್ತೆ ಬದಿಯ ಫಲಕ, ಸೇತುವೆಯ ಕಂಬಿ, ಡಿವೈಡರ್ ಎಲ್ಲದರಿಂದಲೂ ಅದಕ್ಕೆ ಪ್ರತಿಧ್ವನಿ ಬರುತ್ತದೆ. ಎಲ್ಲಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಕಾರು ಓಡಿಸಲಿಕ್ಕೇ ಆಗದು. ಹಾಗಾಗಿ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್‌ಗಳಲ್ಲಿ ಅನೇಕವು ಚಲಿಸುವ ಗಾಡಿಗಳಿಗೆ ಹೆಚ್ಚು ಬೆಲೆ ಕೊಟ್ಟು ನಿಂತದ್ದನ್ನು ಬದಿಗಿಡುತ್ತವೆ. ಕ್ಯಾಮೆರಾ ಜೊತೆಗೂಡಿದ ಮೇಲೆ ಸುಧಾರಿಸಿದೆ, ಆದರೂ ಮುಂದಿನ ಗಾಡಿ ಸರಿದಾಗ ಎದುರಾಗುವ ನಿಂತ ವಾಹನವನ್ನು ಗುರುತಿಸದೇ ಹೋಗಬಹುದು ಎಂದು ಕಾರಿನ ಕೈಪಿಡಿಗಳಲ್ಲೇ ಬರೆದಿರುತ್ತಾರೆ. ನೂರು ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೇವೆ. ಅಡಿಕೆ ಧಾರಣೆಯಿಂದ ಮನಸ್ಸು ರಸ್ತೆಗೆ ಮರಳಲು ಎರಡು ಸೆಕೆಂಡ್ ಹಿಡಿದರೆ, ಬ್ರೇಕಿನ ಮೇಲೆ ಕಾಲಿಡುವ ಮೊದಲೇ 56 ಮೀಟರ್ ಮುಗಿದಿರುತ್ತದೆ.

ಭಾವನವರದು ಸೋಮಾರಿತನ ಎಂದು ಬೈಯುವುದು ಸುಲಭ. ಆದರೆ ಮನುಷ್ಯನ ಮಿದುಳೇ ಹಾಗೆ. 1948ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಗಡಿಯಾರದಂಥ ಫಲಕವೊಂದನ್ನು ಜನರ ಮುಂದಿಟ್ಟು, ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರಿದಾಗ ಹೇಳಿ ಎಂದಿದ್ದರು. ಯುದ್ಧಕಾಲದ ರಾಡಾರ್ ಸಿಬ್ಬಂದಿ ಪರದೆಯ ಮೇಲಿನ ಗುರುತುಗಳನ್ನು ಏಕೆ ಕಾಣದೇ ಬಿಡುತ್ತಾರೆ ಎಂಬ ಪ್ರಶ್ನೆಯಿಂದ ಹುಟ್ಟಿದ ಪ್ರಯೋಗ ಅದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜನ ಮುಳ್ಳಿನ ಜಿಗಿತಗಳನ್ನು ಕಾಣದೇ ಬಿಡತೊಡಗಿದ್ದರು. ಕೆಲಸ ಮಾಡುವುದಕ್ಕಿಂತ ಕೆಲಸ ನಡೆಯುತ್ತಿದೆಯೇ ಎಂದು ಕಾಯುವುದು ಕಷ್ಟ. ನಾವು ಓಡಿಸುವಾಗ ಚಾಲಕರು. ಯಂತ್ರ ಓಡಿಸುವಾಗ ಮೇಲ್ವಿಚಾರಕರು. ಆ ಎರಡನೆಯ ಕೆಲಸಕ್ಕೆ ನಮ್ಮಲ್ಲಿ ಯಾರಿಗೂ ತರಬೇತಿಯಿಲ್ಲ, ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಡುವವರೂ ಇಲ್ಲ.

ಹೊರದೇಶಗಳಲ್ಲಿ ಇದಕ್ಕೆ ಬೆಲೆ ತೆತ್ತಾಗಿದೆ. 2016ರಲ್ಲಿ ಫ್ಲಾರಿಡಾದಲ್ಲಿ ಆಟೋಪೈಲಟ್ ಮೇಲೆ ಓಡುತ್ತಿದ್ದ ಟೆಸ್ಲಾ, ಅಡ್ಡ ಬಂದ ಟ್ರಕ್ಕಿನ ಟ್ರೇಲರ್ ಅಡಿಗೆ ನುಗ್ಗಿ ಚಾಲಕ ಸತ್ತ. 2018ರಲ್ಲಿ ಅರಿಜೋನಾದ ಟೆಂಪಿಯಲ್ಲಿ ಉಬರ್‌ನ ಪ್ರಯೋಗದ ಕಾರು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ನಿಗಾ ಇಡಲೆಂದೇ ಕೂರಿಸಿದ್ದ ಚಾಲಕಿಯ ಕಣ್ಣು ಮೊಬೈಲಿನಲ್ಲಿತ್ತು. 2023ರ ಡಿಸೆಂಬರ್‌ನಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 20 ಲಕ್ಷ ಕಾರುಗಳಿಗೆ ತಿದ್ದುಪಡಿ ಮಾಡಬೇಕಾಯಿತು, ಚಾಲಕರು ಗಮನ ಕೊಡುತ್ತಿದ್ದಾರೆಯೇ ಎಂದು ನೋಡುವ ಏರ್ಪಾಡು ಸಾಲದು ಎಂಬ ಕಾರಣಕ್ಕೆ.

ಹಾಗೆಂದು ಇದೆಲ್ಲ ಮಾರುವವರ ಗಿಮಿಕ್ ಎನ್ನುವ ಗುಂಪಿಗೂ ನಾನು ಸೇರಿದವನಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ತುರ್ತು ಬ್ರೇಕ್ ಹಾಕುವ ವ್ಯವಸ್ಥೆಯಿಂದ ಅದರಲ್ಲಿ ಒಂದಿಷ್ಟು ಕಡಿಮೆಯಾದರೂ ಎಷ್ಟೋ ಮನೆಗಳು ಉಳಿದ ಹಾಗೆ. ಆದರೆ ಅದಕ್ಕೂ ಮಿತಿಯಿದೆ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪಾದಚಾರಿಗಳನ್ನು ಗುರುತಿಸಿ ಬ್ರೇಕ್ ಹಾಕುವ ಕಾರುಗಳಲ್ಲಿ ಅಂಥ ಅಪಘಾತ ಶೇ. 27ರಷ್ಟು ಕಡಿಮೆ, ಬೀದಿದೀಪವಿಲ್ಲದ ಕತ್ತಲ ರಸ್ತೆಯಲ್ಲಿ ಮಾತ್ರ ವ್ಯತ್ಯಾಸವೇ ಕಾಣಲಿಲ್ಲ. ಚೋರಡಿ, ಆನಂದಪುರದ ಕಡೆ ರಾತ್ರಿ ಎಂಟರ ಮೇಲೆ ಎಷ್ಟು ಬೀದಿದೀಪ ಉರಿಯುತ್ತವೆ ಎಂದು ನಾನು ಹೇಳಬೇಕಿಲ್ಲ.

ನನ್ನ ಸಿಟ್ಟಿರುವುದು ಮಾರುವ ರೀತಿಯ ಮೇಲೆ. ಕಾರು ಕೈಗೆ ಕೊಡುವ ದಿನ ಹಾರ, ಕುಂಕುಮ, ಟೈರಿನಡಿ ನಿಂಬೆಹಣ್ಣು, ಫೋಟೋ ಎಲ್ಲ ಆಗುತ್ತದೆ. ಸನ್‌ರೂಫ್ ತೆರೆಯುವುದನ್ನು ಹುಡುಗ ಹತ್ತು ನಿಮಿಷ ತೋರಿಸುತ್ತಾನೆ, ಬಾಯಲ್ಲಿ ಹೇಳಿದರೂ ತೆರೆಯುತ್ತದೆ ಎಂದು ಮಕ್ಕಳಿಂದ ಹೇಳಿಸುತ್ತಾನೆ. ಅಡಾಸ್ ಯಾವಾಗ ಕೆಲಸ ಮಾಡುವುದಿಲ್ಲ ಎಂಬುದು ಪ್ಲಾಸ್ಟಿಕ್ ಕವರ್ ಬಿಚ್ಚದ ಕೈಪಿಡಿಯಲ್ಲಿ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಮಲಗಿರುತ್ತದೆ. ಸೊನ್ನೆಯಿಂದ ಐದರವರೆಗಿನ ಸ್ವಯಂಚಾಲನೆಯ ಅಳತೆಯಲ್ಲಿ ಈ ಕಾರುಗಳು ಎರಡನೇ ಹಂತದವು, ರಸ್ತೆ ನೋಡುವ ಹೊಣೆ ಪೂರ್ತಿ ಚಾಲಕನದು ಎಂಬ ಒಂದು ಮಾತನ್ನು ಬೀಗದ ಕೈ ಕೊಡುವಾಗ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಭಾವನವರು ಕೇಳಿದ್ದರಿಂದ ನಾನು ಮಾಡುವುದನ್ನೇ ಅವರಿಗೂ ಹೇಳಿದೆ. ತುರ್ತು ಬ್ರೇಕನ್ನು ಎಂದೂ ಆರಿಸುವುದಿಲ್ಲ. ಪಥ ಹಿಡಿಯುವ ಸ್ಟೇರಿಂಗ್ ಸಹಾಯ ತೀರ್ಥಹಳ್ಳಿ, ಸಾಗರದ ದಾರಿಗಳಲ್ಲಿ ಬಂದ್. ಕ್ರೂಸ್ ಚತುಷ್ಪಥದಲ್ಲಿ, ಹಗಲಿನಲ್ಲಿ, ಮಳೆಯಿಲ್ಲದಾಗ ಮಾತ್ರ, ಅದೂ ಕಾಲು ಬ್ರೇಕಿನ ಬಳಿಯೇ ಇಟ್ಟುಕೊಂಡು. ಅಂತರ ಯಾವಾಗಲೂ ದೊಡ್ಡದು. ನಡುವೆ ಸ್ಕೂಟರಿನವರು ನುಗ್ಗಿದರೆ ನುಗ್ಗಲಿ. ಭಾವ ಎಲ್ಲಕ್ಕೂ ತಲೆಯಾಡಿಸಿದರು. ಕೊನೆಯದಕ್ಕೆ ಮಾತ್ರ ಒಪ್ಪಲಿಲ್ಲ.