ಫೋನ್ ಎತ್ತುವವರು ಎಲ್ಲಿ ಕೂತಿದ್ದಾರೆ?

ಹೋದ ವರ್ಷ ಊರಿಗೆ ಬಂದಿದ್ದಾಗ ಅಮ್ಮ ಒಂದು ಸಹಾಯವಾಣಿಗೆ ಫೋನ್ ಮಾಡುತ್ತಿದ್ದರು. ಬರಬೇಕಾದ ಹಣ ಎರಡು ತಿಂಗಳಿಂದ ಬಂದಿರಲಿಲ್ಲ. ಕನ್ನಡಕ್ಕೆ ಯಾವ ಬಟನ್ ಒತ್ತಬೇಕೋ ಅದನ್ನೇ ಒತ್ತಿದರು. ತುಂಬಾ ಹೊತ್ತು ಕಾದ ಮೇಲೆ ಒಬ್ಬ ಹುಡುಗ ಸಿಕ್ಕ. ಅವನಿಗೆ ಮುಂದಿರುವುದನ್ನು ಓದಿ ಹೇಳುವಷ್ಟು ಕನ್ನಡ ಬರುತ್ತಿತ್ತು, ಕೇಳಿ ಅರ್ಥ ಮಾಡಿಕೊಳ್ಳುವಷ್ಟು ಬರುತ್ತಿರಲಿಲ್ಲ. "ಪಾಸ್‌ಬುಕ್ಕಲ್ಲಿ ಎಂಟ್ರಿ ಬಿದ್ದಿಲ್ಲ ಕಣಪ್ಪ" ಅಂದರು ಅಮ್ಮ. ಅವನು ಆಧಾರ್ ನಂಬರ್ ಕೇಳಿದ. ಅಮ್ಮ ಇನ್ನೊಂದು ಸಲ ಹೇಳಿದರು. ಅವನು ಇನ್ನೊಂದು ಸಲ ಆಧಾರ್ ನಂಬರ್ ಕೇಳಿದ. "ತಗೋ, ನೀನೇ ಮಾತಾಡು, ನನ್ನ ಕೈಲಾಗಲ್ಲ" ಅಂತ ಫೋನ್ ನನಗೆ ಕೊಟ್ಟುಬಿಟ್ಟರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅಂಥ ಕುರ್ಚಿಯಲ್ಲಿ ಕೂತವನೇ. ಡಿಗ್ರಿ ಮುಗಿಸಿದ ಹೊಸತರಲ್ಲಿ ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಹೆಸರು ಬದಲಾಯಿಸಿಕೊಂಡು, ಅಮೆರಿಕದ ರಾಜ್ಯಗಳ ಹೆಸರು ಬಾಯಿಪಾಠ ಮಾಡಿ, ಮನೆಗೆ ದುಡ್ಡು ಕಳಿಸಿದ್ದೇನೆ. ಆ ಸಂಬಳದಲ್ಲೇ ತಂಗಿಯ ಓದು ಮುಗಿಯಿತು. ಹಾಗಾಗಿ ಕಾಲ್ ಸೆಂಟರ್ ಕೆಲಸದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಹಿಡಿಸುವುದಿಲ್ಲ.

ಈಗ ನಾನಿರುವುದು ನ್ಯೂಜೆರ್ಸಿಯಲ್ಲಿ. ಇದೇ ರಾಜ್ಯದಲ್ಲಿ 2002ರಲ್ಲಿ ಒಂದು ದೊಡ್ಡ ಜಗಳ ಶುರುವಾಗಿತ್ತು. ಬಡ ಕುಟುಂಬಗಳಿಗೆ ಆಹಾರ ಮತ್ತು ನೆರವಿನ ಹಣವನ್ನು ಸರ್ಕಾರ ಒಂದು ಕಾರ್ಡಿನ ಮೂಲಕ ಕೊಡುತ್ತಿತ್ತು. ಕಾರ್ಡಿನ ತೊಂದರೆ ಹೇಳಿಕೊಳ್ಳಲು ಮಾಡುವ ಫೋನ್ ಕರೆಗಳ ಗುತ್ತಿಗೆ ಇ-ಫಂಡ್ಸ್ ಎಂಬ ಕಂಪನಿಗೆ ಸಿಕ್ಕಿತ್ತು. ಮೊದಲು ಆ ಕರೆಗಳು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿಗೆ ಹೋಗುತ್ತಿದ್ದವು. ಆಮೇಲೆ ಕಂಪನಿ ಅವನ್ನು ಮುಂಬೈಗೆ ತಿರುಗಿಸಿತು. ರಾಜ್ಯದ ಸೆನೆಟರ್ ಶರ್ಲಿ ಟರ್ನರ್ ಇದನ್ನು ತಿಳಿದು ಮಸೂದೆ ತಂದರು. ಅವರ ಮಾತು ಸರಳವಾಗಿತ್ತು. ನೆರವು ಪಡೆಯುವವರಿಗೆ ನಾವು "ಹೋಗಿ, ಕೆಲಸ ಹುಡುಕಿಕೊಳ್ಳಿ" ಅನ್ನುತ್ತೇವೆ. ಅವರು ಮಾಡಬಹುದಾದ ಕೆಲಸವನ್ನೇ ಅವರ ತೆರಿಗೆ ಹಣದಲ್ಲಿ ಹೊರಗೆ ಕಳಿಸುತ್ತೇವೆ. ಇದು ಸರಿಯಾ?

ಸೆನೆಟ್‌ನಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ. ಆದರೂ ಕೆಳಮನೆಯಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಕಾನೂನು ಬರುವ ಮೊದಲೇ ಸರ್ಕಾರ ಜಾಸ್ತಿ ದುಡ್ಡು ಕೊಟ್ಟು ಆ ಕೆಲಸವನ್ನು ನ್ಯೂಜೆರ್ಸಿಯ ಕ್ಯಾಮ್ಡೆನ್‌ಗೆ ತಂದಿತು. ಹಿಂದೆ ಹಡಗು ಕಟ್ಟುತ್ತಿದ್ದ, ವಿಕ್ಟರ್ ಗ್ರಾಮಫೋನ್ ತಯಾರಿಸುತ್ತಿದ್ದ ಊರು ಅದು. ಕಾರ್ಖಾನೆಗಳು ಮುಚ್ಚಿದ ಮೇಲೆ ತುಂಬಾ ಬಡವಾಯಿತು. ವಾಪಸ್ ಬಂದ ಕೆಲಸಗಳು ಒಂದು ಡಜನ್ ಆಸುಪಾಸು, ಅಷ್ಟೇ. ಕೊನೆಗೆ 2005ರಲ್ಲಿ ಗವರ್ನರ್ ರಿಚರ್ಡ್ ಕೋಡಿ ಕಾನೂನಿಗೆ ಸಹಿ ಹಾಕಿದರು. ರಾಜ್ಯ ಸರ್ಕಾರದ ಗುತ್ತಿಗೆಯ ಸೇವಾ ಕೆಲಸ ಅಮೆರಿಕದ ಒಳಗೇ ನಡೆಯಬೇಕು, ಇಲ್ಲಿ ಸಿಗದ ಸೇವೆಗೆ ಮಾತ್ರ ವಿನಾಯಿತಿ.

ಒಂದು ಡಜನ್ ಕೆಲಸಕ್ಕೆ ಇಷ್ಟೊಂದು ಗಲಾಟೆ ಬೇಕಿತ್ತಾ ಅಂತ ಆಗ ಬೆಂಗಳೂರಿನಲ್ಲಿದ್ದ ನನಗೆ ಅನಿಸಿತ್ತು. ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆ ಅಂತ ನೋವೂ ಆಗಿತ್ತು. ಮುಂಬೈಯಲ್ಲಿ ಆ ಕರೆಗಳನ್ನು ಎತ್ತುತ್ತಿದ್ದವರೂ ನನ್ನ ಹಾಗೆ ಯಾವುದೋ ಮನೆಯ ಮಕ್ಕಳೇ ಅಲ್ವಾ? ಅವರ ನಷ್ಟ ಸಣ್ಣದಲ್ಲ, ಅದನ್ನು ಇವತ್ತಿಗೂ ಮರೆಯಲಾರೆ. ಆದರೆ ಇಲ್ಲಿಗೆ ಬಂದು ಆ ಕಾನೂನನ್ನು ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅದು ಕೇಳುವುದು ಕೆಲಸ ಎಲ್ಲಿ ನಡೆಯುತ್ತದೆ ಅಂತ ಮಾತ್ರ. ಕೆಲಸ ಮಾಡುವವರು ಎಲ್ಲಿ ಹುಟ್ಟಿದರು ಅಂತ ಕೇಳುವುದಿಲ್ಲ. ಇಲ್ಲಿ ದುಡಿಯಲು ಹಕ್ಕಿರುವ ಯಾರಾದರೂ, ಹಾಸನ ಜಿಲ್ಲೆಯಿಂದ ಬಂದ ನಾನೂ, ಕ್ಯಾಮ್ಡೆನ್‌ನ ಆ ಕುರ್ಚಿಯಲ್ಲಿ ಕೂರಬಹುದಿತ್ತು.

ನಮ್ಮಲ್ಲಿ ಈ ಚರ್ಚೆ ಬೇರೆ ದಾರಿ ಹಿಡಿಯಿತು. ಕನ್ನಡಿಗರಿಗೆ ಕೆಲಸದಲ್ಲಿ ಆದ್ಯತೆ ಕೊಡಿ ಅಂದ 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು ಇವತ್ತಿನವರೆಗೂ ಮಾತೆಲ್ಲ "ಸ್ಥಳೀಯರು ಯಾರು" ಅನ್ನುವುದರ ಸುತ್ತಲೇ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿದ ಮಸೂದೆಯಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ 50%, ಉಳಿದವುಗಳಲ್ಲಿ 70% ಸ್ಥಳೀಯರಿಗೆ ಎಂದಿತ್ತು. ಉದ್ಯಮದವರು ಗದ್ದಲ ಮಾಡಿದರು, ಎರಡು ಮೂರು ದಿನದಲ್ಲೇ ಸರ್ಕಾರ ಅದನ್ನು ತಡೆಹಿಡಿಯಿತು. ಅದಕ್ಕೂ ಮೊದಲು ಹರಿಯಾಣದ 75% ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದು ಮಾಡಿತ್ತು. ಕನ್ನಡದ ಮಕ್ಕಳಿಗೆ ಕೆಲಸ ಸಿಗಬೇಕು ಅನ್ನುವ ಆಸೆ ನನಗೂ ಇದೆ, ಎದೆಯೊಳಗಿಂದ ಇದೆ. ಆದರೆ ಎಲ್ಲ ಕಂಪನಿಗಳ ಬಾಗಿಲನ್ನೂ ಒಟ್ಟಿಗೆ ತಟ್ಟಲು ಹೋಗಿ, ನಮ್ಮ ಕೈಯಲ್ಲೇ ಇರುವ ಬಾಗಿಲನ್ನು ನಾವು ನೋಡಲೇ ಇಲ್ಲ.

ಆ ಬಾಗಿಲು ಸರ್ಕಾರದ್ದೇ ಟೆಂಡರ್. ಖಾಸಗಿ ಬ್ಯಾಂಕು ತನ್ನ ಕರೆಯನ್ನು ಎಲ್ಲಿಗೆ ಬೇಕಾದರೂ ಕಳಿಸಲಿ. ರೇಷನ್, ಪಿಂಚಣಿ, ಬೆಳೆ ಪರಿಹಾರ, ಆಸ್ಪತ್ರೆ, ಕರೆಂಟು, ಇವು ಜನರ ದುಡ್ಡಿನಲ್ಲಿ ನಡೆಯುವ ಸಹಾಯವಾಣಿಗಳು. ಇವುಗಳ ಟೆಂಡರ್‌ನಲ್ಲಿ ಎರಡು ಷರತ್ತು ಇರಲಿ. ಕರೆ ಎತ್ತುವ ಕೆಲಸ ಕರ್ನಾಟಕದೊಳಗೇ ನಡೆಯಬೇಕು. ಕರೆ ಎತ್ತುವವರಿಗೆ ಕನ್ನಡ ಚೆನ್ನಾಗಿ ಅರ್ಥವಾಗಬೇಕು. ಹುಟ್ಟಿದ ಊರಿನ ದಾಖಲೆ ಬೇಡ, ಹದಿನೈದು ವರ್ಷ ವಾಸದ ಪತ್ರ ಬೇಡ. ಬಿಹಾರದಿಂದ ಬಂದ ಹುಡುಗಿ ಕನ್ನಡ ಕಲಿತು ಅಮ್ಮನ ಮಾತನ್ನು ಹಿಡಿದರೆ ಆ ಕುರ್ಚಿ ಅವಳದ್ದೇ.

ಭಾಷೆಯ ವಿಷಯ ಸಣ್ಣದು ಅಂತ ಅನಿಸಬಹುದು, ಹಾಗಲ್ಲ. 2008ರಲ್ಲಿ ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಶುರುವಾದ ಮೇಲೆ 108ಕ್ಕೆ ಕರೆ ಮಾಡುವವರೆಲ್ಲ ಪುಸ್ತಕದ ಕನ್ನಡ ಮಾತಾಡುತ್ತಾರಾ? ಕಲಬುರಗಿಯ ಮಾತು ಬೇರೆ, ಕುಂದಾಪುರದ್ದು ಬೇರೆ, ಮಂಡ್ಯದ್ದು ಬೇರೆ. ಗಾಬರಿಯಲ್ಲಿದ್ದವರು ಬೀದಿ ನಂಬರ್ ಹೇಳುವುದಿಲ್ಲ. ಅರಳಿಕಟ್ಟೆ ದಾಟಿ ಬನ್ನಿ, ಹಾಲಿನ ಡೈರಿ ಪಕ್ಕ ಅನ್ನುತ್ತಾರೆ. ಡೈರಿ ಅಂದರೆ ಏನು, ಊರಲ್ಲಿ ಅದು ಎಲ್ಲಿರುತ್ತದೆ ಅಂತ ಗೊತ್ತಿರುವವರು ಆ ಕಡೆ ಇರಬೇಕು.

ಖರ್ಚು ಜಾಸ್ತಿಯಾಗುತ್ತದೆ ಅನ್ನುವ ಮಾತು ಬರುತ್ತದೆ. ಆಗುತ್ತದೆ ಕೂಡ, ನ್ಯೂಜೆರ್ಸಿಗೂ ಆಯಿತು. ಆದರೆ ಎಲ್ಲ ಕುರ್ಚಿಗಳೂ ಬೆಂಗಳೂರಿನಲ್ಲೇ ಇರಬೇಕಾ? ಕಲಬುರಗಿ, ಹುಬ್ಬಳ್ಳಿ, ಶಿವಮೊಗ್ಗದಲ್ಲಿ ಬಾಡಿಗೆ ಕಡಿಮೆ. ಮನೆಯಿಂದ ಓಡಾಡಿಕೊಂಡು ಕೆಲಸ ಮಾಡುವವರಿಗೆ ಪಿ.ಜಿ. ಬಾಡಿಗೆಯೂ ಉಳಿಯುತ್ತದೆ.

ಅಮ್ಮನ ಪಕ್ಕದ ಮನೆಯಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ. ಅಪ್ಪನಿಗೆ ಹುಷಾರಿಲ್ಲ, ಊರು ಬಿಟ್ಟು ಹೋಗುವ ಹಾಗಿಲ್ಲ. ಅಮ್ಮನ ಪಾಸ್‌ಬುಕ್ ನೋಡಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ಎರಡು ನಿಮಿಷದಲ್ಲಿ ಹೇಳಿದವಳು ಅವಳೇ. ಫೋನಿನಲ್ಲಿ ಅರ್ಧ ಗಂಟೆ ಕಳೆದ ನಂತರ.