ಸತ್ಯಾಂಶ: ಸಹಿ ಸಂಗ್ರಹಿಸಿದರೆ ಶಾಸಕ ಸ್ಥಾನ ಹೋಗುತ್ತದೆಯೇ?

ಬೆರಳಿನ ಶಾಯಿ ಮಾಸುವ ಮೊದಲೇ ಗೆದ್ದವರು ಪಕ್ಷ ಬದಲಿಸಿದರೆ ಹೊಟ್ಟೆ ಉರಿಯುವುದು ಸಹಜ. ಅಂಥ ಹೊತ್ತಲ್ಲೇ ಉಡುಪಿಯ ಫ್ಯಾಮಿಲಿ ಗ್ರೂಪುಗಳಲ್ಲಿ ಆ ಹಳೇ ಮೆಸೇಜು ಮತ್ತೆ ಓಡಾಡುತ್ತದೆ: ಕ್ಷೇತ್ರದ ಅರ್ಧದಷ್ಟು ಮತದಾರರು ಸಹಿ ಹಾಕಿದರೆ ಶಾಸಕರನ್ನು ವಾಪಸ್ ಕರೆಸಬಹುದಂತೆ. ಇಲ್ಲ. ಶಾಸಕರನ್ನಾಗಲಿ ಸಂಸದರನ್ನಾಗಲಿ ಮತದಾರರೇ ಹಿಂದಕ್ಕೆ ಕರೆಸುವ ಕಾನೂನು ನಮ್ಮ ದೇಶದಲ್ಲಿಲ್ಲ.

ಇರುವುದು 1985ರಲ್ಲಿ ಸಂವಿಧಾನಕ್ಕೆ ಸೇರಿದ 10ನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು. ಅದರಡಿ ಶಾಸಕರ ಅನರ್ಹತೆ ತೀರ್ಮಾನಿಸುವವರು ವಿಧಾನಸಭೆಯ ಸ್ಪೀಕರ್. ರಾಜೀನಾಮೆ ಕೊಟ್ಟು ಹೋದರೆ ಉಪಚುನಾವಣೆ. ಮತದಾರರ ಮಾತಿಗೆ ಮತ್ತೆ ಬೆಲೆ ಬರುವುದು ಆಗಲೇ.

ಮೆಸೇಜಿನಲ್ಲಿ ಕಾನೂನಿನ ಹೆಸರು, ವಿಧಿಯ ಸಂಖ್ಯೆ ಇದೆಯಾ ನೋಡಿ. ಇದ್ದರೆ ಕೇಂದ್ರ ಶಾಸಕಾಂಗ ಇಲಾಖೆಯ ಜಾಲತಾಣದಲ್ಲಿ ಸಂವಿಧಾನ ಉಚಿತವಾಗಿ ಸಿಗುತ್ತದೆ, ಹುಡುಕಿ ಓದಿ. ಇಲ್ಲದಿದ್ದರೆ ಕಳಿಸಿದ ಮಾವನನ್ನೇ ಮೆಲ್ಲಗೆ ಕೇಳಿ. ಅವರ ಬೇಸರವಂತೂ ಸುಳ್ಳಲ್ಲ.